ಗೋಧಿ ಬಿಟ್ಟು ಬಾರ್ಲಿ ಹಾಕಿದವರು

ಹೋದ ಭಾನುವಾರ ಬೆಳಿಗ್ಗೆ ಅಪ್ಪ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ನಮ್ಮ ಹೊಲದ ಕೆಳಗಿನ ಮೂಲೆ. ಭತ್ತ ಕೊಯ್ದು ಒಣಗಿದ ಕರಿ ಮಣ್ಣಿನ ಮೇಲೆ ಯಾರೋ ಸುಣ್ಣದ ಪುಡಿ ಚೆಲ್ಲಿ ಹೋದ ಹಾಗೆ ಬೆಳ್ಳಗಿದೆ. ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜ್: "ಹ್ವಾದ ವರ್ಷಕ್ಕಿಂತ ಹತ್ತು ಹೆಜ್ಜಿ ಮುಂದ ಬಂದೈತಿ ನೋಡಪಾ." ಅಷ್ಟೇ. ನಮ್ಮಪ್ಪ ವಾಯ್ಸ್ ಮೆಸೇಜಿನಲ್ಲೂ ಕಮ್ಮಿ ಮಾತಾಡೋರು.

ಆ ಹೊತ್ತಿಗೆ ನಾನು ಏನು ಮಾಡ್ತಿದ್ದೆ ಅಂತ ಹೇಳಿದ್ರೆ ನಗ್ತೀರಿ. ಈ ವರ್ಷ ಪ್ರಪಂಚದ ಇತಿಹಾಸವನ್ನ ಶುರುವಿನಿಂದ ಇವತ್ತಿನವರೆಗೆ ಒಂದು ಸಲ ಓದಿ ಮುಗಿಸಬೇಕು ಅಂತ ಜನವರಿಯಲ್ಲಿ ಶಪಥ ಮಾಡಿದ್ದೆ. ಬೇರೆಯವರು ಜಿಮ್ಮಿಗೆ ಸೇರ್ತಾರಲ್ಲ, ಹಾಗೆ. ಮೇ ತಿಂಗಳು ಬಂದ್ರೂ ನಾನಿನ್ನೂ ಸುಮೇರ್ ದಾಟಿಲ್ಲ. ಮೆಟ್ರೋದಲ್ಲಿ ನಿಂತು ಓದೋದು, ಅದರಲ್ಲಿ ಬರೋ ಒಂದು ಹೆಸರು ಹಿಡ್ಕೊಂಡು ಇನ್ನೇನೋ ಹುಡುಕೋದು, ರಾತ್ರಿ ಒಂದು ಗಂಟೆಗೆ ನೋಡಿದ್ರೆ ಅದೇ ಪುಟ. ಆ ಭಾನುವಾರ ಬೆಳಿಗ್ಗೆಯೂ ಕಾಫಿ ಲೋಟ ಪಕ್ಕಕ್ಕಿಟ್ಟು ಓದ್ತಿದ್ದಿದ್ದು ಇರಾಕಿನ ದಕ್ಷಿಣದ ಒಂದು ಹೊಲದ ಮೂಲೆಯ ವಿಚಾರ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಹೊಲ. ಅದರಲ್ಲೂ ಬಿಳಿ ಎದ್ದಿತ್ತು.

ಶಾಲೆಯಲ್ಲಿ ನಾವೆಲ್ಲ ಇದನ್ನ ಓದಿದ್ವಿ. ನದಿ ಬಯಲಿನ ನಾಗರಿಕತೆಗಳು. ನೈಲ್ ಅಂದ್ರೆ ಈಜಿಪ್ಟು, ಟೈಗ್ರಿಸ್-ಯೂಫ್ರೆಟಿಸ್ ಅಂದ್ರೆ ಮೆಸೊಪೊಟೇಮಿಯ, ಸಿಂಧೂ ಅಂದ್ರೆ ಹರಪ್ಪ. ಹೊಂದಿಸಿ ಬರೆಯಿರಿ, ಎರಡು ಮಾರ್ಕು. ನದಿ ಇತ್ತು, ಮಣ್ಣು ಫಲವತ್ತಾಗಿತ್ತು, ಅದಕ್ಕೇ ಊರು ಬೆಳೀತು ಅಂತ ಮೇಷ್ಟ್ರು ಹೇಳಿದ್ರು, ನಾವು ಬರ್ಕೊಂಡ್ವಿ. ಆಮೇಲೆ ಆ ಮಣ್ಣಿಗೆ ಏನಾಯ್ತು ಅಂತ ಯಾರೂ ಕೇಳಲಿಲ್ಲ, ಯಾಕಂದ್ರೆ ಅದಕ್ಕೆ ಮಾರ್ಕಿರಲಿಲ್ಲ.

ಸುಮೇರಿನ ವಿಶೇಷ ಏನು ಗೊತ್ತಾ? ಅಲ್ಲಿನ ಮಣ್ಣಿಗೆ ಏನಾಯ್ತು ಅಂತ ಬರೆದಿಟ್ಟಿದ್ದಾರೆ, ಅದೂ ಮಣ್ಣಿನ ಮೇಲೇನೇ. ಕ್ರಿ.ಪೂ. 3300ರಿಂದ 3200ರ ಆಸುಪಾಸಿನಲ್ಲಿ ಉರುಕ್ ಅನ್ನೋ ಊರಲ್ಲಿ ಬರವಣಿಗೆ ಶುರುವಾಯ್ತು. ದೇವರ ಸ್ತೋತ್ರ ಬರೆಯೋಕಲ್ಲ, ಪ್ರೇಮಪತ್ರಕ್ಕೂ ಅಲ್ಲ. ಎಷ್ಟು ಬಾರ್ಲಿ ಬಂತು, ಎಷ್ಟು ಕುರಿ ಹೋಯ್ತು, ಯಾರಿಗೆ ಎಷ್ಟು ಬಿಯರ್ ಕೊಟ್ಟಿದ್ದು ಅಂತ ಲೆಕ್ಕ ಇಡೋಕೆ. ಆ ಕಾಲದ ಹಲಗೆಗಳಲ್ಲಿ ಬಹುಪಾಲು ಇಂಥವೇ. ಕುಶಿಮ್ ಅನ್ನೋ ಹೆಸರಿರೋ ಒಂದು ಹಲಗೆಯಲ್ಲಿ 37 ತಿಂಗಳ ಅವಧಿಗೆ 29,086 ಅಳತೆ ಬಾರ್ಲಿ ಲೆಕ್ಕ ಇದೆ. ಕುಶಿಮ್ ಒಬ್ಬ ಮನುಷ್ಯನ ಹೆಸರೋ ಅಥವಾ ಒಂದು ಹುದ್ದೆಯ ಹೆಸರೋ ಅನ್ನೋ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. ಮನುಷ್ಯನ ಹೆಸರೇ ಆಗಿದ್ರೆ, ಪ್ರಪಂಚದಲ್ಲಿ ಬರವಣಿಗೆಯಲ್ಲಿ ಉಳಿದ ಮೊದಲ ಹೆಸರುಗಳಲ್ಲಿ ಒಂದು ರಾಜನದ್ದಲ್ಲ, ಒಬ್ಬ ಗುಮಾಸ್ತನದ್ದು. ಎಕ್ಸೆಲ್ ಶೀಟಿನಲ್ಲಿ ಜೀವನ ಸವೆಸ್ತಿರೋ ನಮ್ಮಂಥವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಇನ್ನೇನು ಬೇಕು!

ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿದ ಆ ಲೆಕ್ಕಗಳು ಉಳ್ಕೊಂಡಿರೋ ರೀತಿಯೂ ತಮಾಷೆಯದ್ದೇ. ಊರಿಗೆ ಬೆಂಕಿ ಬಿದ್ರೆ ಕಾಗದ ಸುಟ್ಟುಹೋಗುತ್ತೆ, ಮಣ್ಣಿನ ಹಲಗೆ ಇಟ್ಟಿಗೆ ಥರ ಬೆಂದು ಇನ್ನೂ ಗಟ್ಟಿಯಾಗುತ್ತೆ. ಕ್ಯೂನಿಫಾರ್ಮ್ ಡಿಜಿಟಲ್ ಲೈಬ್ರರಿ ಇನಿಶಿಯೇಟಿವ್ ಅನ್ನೋ ಜಾಲತಾಣದಲ್ಲಿ ಇಂಥ ಮೂರು ಲಕ್ಷಕ್ಕೂ ಹೆಚ್ಚು ಬರಹಗಳ ದಾಖಲೆ ಇದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಎಂಟು ವರ್ಷದ ಹಿಂದಿನ ನನ್ನ ಹಾರ್ಡ್‌ಡಿಸ್ಕ್ ಇವತ್ತು ತೆರೆಯಲ್ಲ, ಅದು ಬೇರೆ ವಿಷಯ.

ಈ ಲೆಕ್ಕಗಳನ್ನೇ ಇಟ್ಕೊಂಡು 1958ರಲ್ಲಿ ಇಬ್ಬರು ಒಂದು ಲೇಖನ ಬರೆದ್ರು. ಒಬ್ಬರು ಥಾರ್ಕಿಲ್ಡ್ ಜೇಕಬ್ಸನ್, ಸುಮೇರಿನ ಭಾಷೆ ಅರೆದು ಕುಡಿದವರು. ಇನ್ನೊಬ್ಬರು ರಾಬರ್ಟ್ ಆಡಮ್ಸ್, ಇರಾಕಿನ ಬಯಲಲ್ಲಿ ಹಳೇ ಕಾಲುವೆಗಳ ಗುರುತು ಹುಡುಕಿದ ಪುರಾತತ್ತ್ವಜ್ಞ. ಲೇಖನ ಬಂದಿದ್ದು ‘ಸೈನ್ಸ್’ ಪತ್ರಿಕೆಯಲ್ಲಿ. ಅವರು ಹೇಳಿದ್ದು ಇಷ್ಟು: ಕ್ರಿ.ಪೂ. 3500ರ ಸುಮಾರಿಗೆ ದಕ್ಷಿಣ ಇರಾಕಿನಲ್ಲಿ ಗೋಧಿಯನ್ನೂ ಬಾರ್ಲಿಯನ್ನೂ ಹೆಚ್ಚುಕಮ್ಮಿ ಸಮವಾಗಿ ಬೆಳೀತಿದ್ರು. ಸಾವಿರ ವರ್ಷ ಕಳೆಯೋ ಹೊತ್ತಿಗೆ ಗೋಧಿ ಬೆಳೆಯ ಆರನೇ ಒಂದು ಭಾಗಕ್ಕೆ ಇಳೀತು. ಕ್ರಿ.ಪೂ. 2100ಕ್ಕೆ ಗಿರ್ಸು ಅನ್ನೋ ಊರಲ್ಲಿ ಶೇ 2ಕ್ಕಿಂತ ಕಮ್ಮಿ. ಕ್ರಿ.ಪೂ. 1700ರ ಹೊತ್ತಿಗೆ ದಕ್ಷಿಣದಲ್ಲಿ ಗೋಧಿ ಬೆಳೆಯೋದೇ ನಿಂತಿತ್ತು.

ಯಾಕೆ? ಬಾರ್ಲಿ, ಅಂದ್ರೆ ನಮ್ಮ ಜವೆಗೋಧಿ, ಉಪ್ಪನ್ನ ತಡ್ಕೊಳ್ಳುತ್ತೆ. ಗೋಧಿ ಅಷ್ಟು ತಡ್ಕೊಳ್ಳಲ್ಲ.

ಕೊನೆಗೆ ಬಾರ್ಲಿಯೂ ಸೋತಿತು. ಗಿರ್ಸುವಿನಲ್ಲಿ ಕ್ರಿ.ಪೂ. 2400ರ ಹೊತ್ತಿಗೆ ಹೆಕ್ಟೇರಿಗೆ ಸುಮಾರು 2,500 ಲೀಟರ್ ಕಾಳು ಬರ್ತಿತ್ತು (ಅವರು ತೂಕ ಹಾಕ್ತಿರಲಿಲ್ಲ, ನಮ್ಮ ಸೇರು-ಕೊಳಗದ ಥರ ಅಳೀತಿದ್ರು). ಮುನ್ನೂರು ವರ್ಷದ ಮೇಲೆ ಅದು 1,460 ಲೀಟರ್. ಕ್ರಿ.ಪೂ. 1700ಕ್ಕೆ ಪಕ್ಕದ ಲಾರ್ಸಾದಲ್ಲಿ 900 ಲೀಟರ್ ಕೂಡ ದಾಟಲಿಲ್ಲ.

ಉಪ್ಪು ಎಲ್ಲಿಂದ ಬಂತು ಅಂತೀರಾ? ಕಾಲುವೆ ನೀರಿನಿಂದ. ಸಿಹಿ ನೀರೇ. ನಿಮ್ಮನೆ ವಾಟರ್ ಫಿಲ್ಟರ್ ಸರ್ವಿಸ್ ಹುಡುಗ ಮೀಟರ್ ಅದ್ದಿ ಟಿಡಿಎಸ್ ಎಷ್ಟು ಅಂತ ತೋರಿಸ್ತಾನಲ್ಲ, 500ರವರೆಗೆ ಇದ್ರೆ ಕುಡಿಯೋಕೆ ಅಡ್ಡಿಯಿಲ್ಲ ಅಂತ ನಮ್ಮ ದೇಶದ ಮಾನದಂಡವೇ ಹೇಳುತ್ತೆ. 500 ಅಂದ್ರೆ ಲೀಟರಿಗೆ ಅರ್ಧ ಗ್ರಾಂ ಲವಣ. ನಾಲಿಗೆಗೆ ಗೊತ್ತೇ ಆಗಲ್ಲ. ಈಗ ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ಇದೇ ನೀರು ಹರಿಸಿದ್ವಿ ಅಂದ್ಕೊಳ್ಳಿ. 40 ಲಕ್ಷ ಲೀಟರ್. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತೆ, ಉಪ್ಪು ಹೋಗಲ್ಲ. ಲೆಕ್ಕ ಹಾಕಿ: ಎಕರೆಗೆ ಎರಡು ಟನ್. ಬರೀ ಅಷ್ಟು ನೀರಿಗೆ.

ಮಳೆ ಜೋರಾಗಿರೋ ಕಡೆ, ಇಳಿಜಾರಿರೋ ಕಡೆ ಅದು ತೊಳೆದುಹೋಗುತ್ತೆ. ದಕ್ಷಿಣ ಇರಾಕು ಅಂಗೈಯಷ್ಟು ಮಟ್ಟಸ, ಮಳೆ ಇಲ್ಲವೇ ಇಲ್ಲ ಅನ್ನೋ ಹಾಗೆ. ನೀರು ಹಾಯಿಸಿದಷ್ಟೂ ನೆಲದಡಿಯ ನೀರು ಮೇಲೇರುತ್ತೆ. ಅದು ಬೇರಿನ ಹತ್ತಿರಕ್ಕೆ ಬಂದ ಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣೇ ಅದನ್ನ ಮೇಲಕ್ಕೆ ಎಳೆಯುತ್ತೆ. ನೀರು ಗಾಳಿಗೆ, ಉಪ್ಪು ನೆಲಕ್ಕೆ. ಅಪ್ಪ ಕಳಿಸಿದ ಫೋಟೋ ಇದೇ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಜಗಳದ ಕಥೆ. ಉಮ್ಮಾ ಮತ್ತು ಲಗಾಶ್ ಅಂತ ಎರಡು ರಾಜ್ಯ. ಗಿರ್ಸು ಇದ್ದಿದ್ದು ಲಗಾಶಿನಲ್ಲಿ. ಎರಡಕ್ಕೂ ನಡುವೆ ಗುಎದೆನ್ನ ಅನ್ನೋ ಒಳ್ಳೇ ಹೊಲಗಳ ಪಟ್ಟಿ. ಉಮ್ಮಾ ಕಾಲುವೆಯ ಮೇಲ್ಭಾಗದಲ್ಲಿ, ಲಗಾಶ್ ಕೆಳಭಾಗದಲ್ಲಿ. ಮುಂದಿನದ್ದು ನಾನು ಹೇಳಬೇಕಾ? ನಮ್ಮ ಕಡೆ ಕಾಲುವೆ ಕೆಳಭಾಗದಲ್ಲಿ ಹುಟ್ಟಿದ ಯಾರನ್ನಾದ್ರೂ ಕೇಳಿ. ಮೇಲಿನವರು ನೀರು ತಿರುಗಿಸಿಕೊಳ್ತಾರೆ, ಕೆಳಗಿನವರು ಬಡಿಗೆ ಹಿಡ್ಕೊಂಡು ಹೋಗ್ತಾರೆ. ಎಅನ್ನತುಮ್ ಅನ್ನೋ ಲಗಾಶಿನ ರಾಜ ಉಮ್ಮಾವನ್ನ ಸೋಲಿಸಿ ಒಂದು ಕಲ್ಲು ಕೆತ್ತಿಸಿದ. ಅದರಲ್ಲಿ ಸತ್ತವರ ತಲೆಗಳನ್ನ ರಣಹದ್ದುಗಳು ಕಚ್ಚಿಕೊಂಡು ಹಾರ್ತಿವೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಉಮ್ಮಾದವರು ಕೊಡಬೇಕಾಗಿದ್ದ ಬಾರ್ಲಿ ಸಾಲಕ್ಕೆ ಬಡ್ಡಿಗೆ ಬಡ್ಡಿ ಸೇರಿಸಿ, ಇಡೀ ನಾಡು ಬೆಳೆದರೂ ತೀರದಂಥ ಒಂದು ಮೊತ್ತವನ್ನ ಲಗಾಶಿನವರು ಬರೆದಿಟ್ಟಿದ್ದಾರೆ. ಚಕ್ರಬಡ್ಡಿಯ ಬಗ್ಗೆ ನಮಗೆ ಸಿಕ್ಕಿರೋ ತುಂಬಾ ಹಳೇ ದಾಖಲೆಗಳಲ್ಲಿ ಅದೂ ಒಂದು. ಕ್ರೆಡಿಟ್ ಕಾರ್ಡ್ ಕಂಪನಿಗಳು ಹೊಸದೇನೂ ಕಂಡುಹಿಡಿದಿಲ್ಲ.

ಎಅನ್ನತುಮ್‌ನ ತಮ್ಮನ ಮಗ ಎನ್ಮೆತೆನಾಗೆ ಈ ಗೋಳು ಸಾಕಾಯ್ತು. ಕ್ರಿ.ಪೂ. 2400ರ ಸುಮಾರಿಗೆ, ಉಮ್ಮಾದ ಹಂಗೇ ಬೇಡ ಅಂತ ಟೈಗ್ರಿಸ್ ನದಿಯಿಂದಲೇ ಬೇರೆ ಕಾಲುವೆ ತೋಡಿಸಿದ. ಇವತ್ತಾಗಿದ್ರೆ ಮೆರವಣಿಗೆ ಮಾಡಿ ಬಾಗಿನ ಬಿಟ್ಟು ಬರ್ತಿದ್ವಿ. ತಪ್ಪೇನೂ ಇರಲಿಲ್ಲ, ಅವನ ಜನಕ್ಕೆ ನೀರು ಬೇಕಿತ್ತು. ಆದರೆ ಜೇಕಬ್ಸನ್ ಮತ್ತು ಆಡಮ್ಸ್ ಪ್ರಕಾರ ಕೆಟ್ಟದ್ದು ಶುರುವಾಗಿದ್ದೂ ಅಲ್ಲಿಂದಲೇ. ನೀರು ಧಾರಾಳವಾಯ್ತು, ನೆಲದಡಿಯ ನೀರು ಏರಿತು. ಸ್ವಲ್ಪ ವರ್ಷದಲ್ಲೇ ದೇವಸ್ಥಾನದ ಸರ್ವೆಯವರು ಹೊಲ ಅಳೆಯುವಾಗ ‘ಇಷ್ಟು ಭಾಗ ಉಪ್ಪು’ ಅಂತ ಬರೆಯೋಕೆ ಶುರು ಮಾಡಿದ್ರು. ಕೆಲವು ಹೊಲಗಳನ್ನಂತೂ ಎರಡು ಕಾಲದ ದಾಖಲೆಯಲ್ಲೂ ಗುರುತಿಸಬಹುದು. ಮೊದಲಿನದ್ದರಲ್ಲಿ ಉಪ್ಪಿಲ್ಲ, ಮುನ್ನೂರು ವರ್ಷದ ನಂತರದ್ದರಲ್ಲಿ ಅದೇ ಹೊಲದಲ್ಲಿ ಅಲ್ಲಲ್ಲಿ ಉಪ್ಪು.

ಅಂದ್ರೆ ಗೊತ್ತಿತ್ತು. ಬರೆದಿಟ್ಟಿದ್ರು. ಪ್ರತಿ ವರ್ಷದ ಲೆಕ್ಕವೂ ಸರಿಯಾಗಿಯೇ ಇತ್ತು.

ಪರಿಹಾರವೂ ಗೊತ್ತಿತ್ತು. ಒಂದು ವರ್ಷ ಬೆಳೆ, ಒಂದು ವರ್ಷ ಪಾಳು. ಪಾಳು ಬಿದ್ದ ಹೊಲದಲ್ಲಿ ಶೋಕ್, ಅಗುಲ್ ಅನ್ನೋ ಕಳೆಗಿಡಗಳು ಬೆಳೀತವೆ. ಅವುಗಳ ಬೇರು ಆಳಕ್ಕಿಳಿದು ಕೆಳಗಿನ ತೇವ ಹೀರ್ತವೆ, ಅಡಿಯ ನೀರು ಮತ್ತೆ ಕೆಳಗಿಳಿಯುತ್ತೆ, ಮುಂದಿನ ಸಲ ಹಾಯಿಸಿದ ನೀರು ಮೇಲಿನ ಉಪ್ಪನ್ನ ತಳಕ್ಕೆ ತಳ್ಳುತ್ತೆ. ಇರಾಕಿನ ರೈತರು ಮೊನ್ನೆಮೊನ್ನೆಯವರೆಗೂ ಹೀಗೇ ಮಾಡ್ತಿದ್ರು. ಮೆಗ್ವೈರ್ ಗಿಬ್ಸನ್ ಅನ್ನೋ ಪುರಾತತ್ತ್ವಜ್ಞ 1974ರಲ್ಲಿ ಬರೆದದ್ದು ಇದರ ಮೇಲೇ: ಅರಮನೆಗೆ, ಸೈನ್ಯಕ್ಕೆ, ತೆರಿಗೆಗೆ ಈ ವರ್ಷವೇ ಹೆಚ್ಚು ಕಾಳು ಬೇಕು ಅನ್ನೋ ಒತ್ತಡ ಬಂದಾಗ ಪಾಳು ಬಿಡೋ ಪದ್ಧತಿ ಮುರಿಯುತ್ತೆ, ಅಲ್ಲಿಂದ ಹೊಲದ ಕಥೆ ಮುಗಿಯುತ್ತೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಟೆಕ್ನಿಕಲ್ ಡೆಟ್ ಅಂತೀವಿ. ಈ ರಿಲೀಸ್ ಹೋಗಲಿ, ಮುಂದಿನ ಸಲ ಸರಿ ಮಾಡೋಣ ಅಂತ. ಮುಂದಿನ ಸಲ ಬೇರೆ ಮ್ಯಾನೇಜರ್ ಇರ್ತಾರೆ.

ಇದನ್ನ ಎಲ್ಲರೂ ಒಪ್ಪಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. 1985ರಲ್ಲಿ ಮಾರ್ವಿನ್ ಪಾವೆಲ್ ಅನ್ನೋ ವಿದ್ವಾಂಸರು, ಇಳುವರಿ ಲೆಕ್ಕ ಹಾಕಿದ ರೀತಿ ಸರಿಯಿಲ್ಲ, ಉಪ್ಪನ್ನ ನಿಭಾಯಿಸೋದು ಸುಮೇರಿನವರಿಗೆ ಗೊತ್ತಿತ್ತು ಅಂತ ವಾದ ಮಾಡಿದ್ರು. ಸುಮೇರ್ ಬಿದ್ದದ್ದು ಉಪ್ಪಿನಿಂದ ಮಾತ್ರ ಅಂತ ನನಗೂ ಅನ್ನಿಸಲ್ಲ. ಕ್ರಿ.ಪೂ. 2004ರ ಸುಮಾರಿಗೆ ಉರ್ ಪಟ್ಟಣವನ್ನ ಎಲಾಮಿನವರು ಕೊಳ್ಳೆ ಹೊಡೆದದ್ದಕ್ಕೆ ಉಪ್ಪು ಕಾರಣ ಅಲ್ಲ. ನದಿಗಳು ಪಾತ್ರ ಬದಲಿಸಿದ್ದೂ ಇದೆ. ಆದ್ರೂ ಹಮ್ಮುರಾಬಿಯ ಕಾಲ ಬರೋ ಹೊತ್ತಿಗೆ ಅಧಿಕಾರ ಉತ್ತರಕ್ಕೆ, ಬ್ಯಾಬಿಲೋನಿಗೆ ಸರಿದಿತ್ತು. ಹಳೇ ದಕ್ಷಿಣ ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ. ಅತ್ರಹಾಸಿಸ್ ಅನ್ನೋ ಅಕ್ಕಾಡಿಯನ್ ಕಾವ್ಯದಲ್ಲಿ ದೇವರುಗಳು ಮನುಷ್ಯರಿಗೆ ಕೊಡೋ ಶಿಕ್ಷೆಗಳ ಸಾಲಿನಲ್ಲಿ ಹೊಲ ಬೆಳ್ಳಗಾಗೋದೂ ಒಂದು. ಪ್ರಳಯದ ಜೊತೆ ಸಮಕ್ಕೆ ಅದನ್ನಿಟ್ಟವರಿಗೆ ಅದರ ಭಯ ಎಂಥದ್ದಿರಬೇಕು.

ಈಜಿಪ್ಟಿಗೆ ಇದು ಯಾಕೆ ಆಗಲಿಲ್ಲ ಅಂತ ಅಡ್ಡದಾರಿ ಹಿಡಿದು ಎರಡು ರಾತ್ರಿ ಓದಿದೆ. ಉತ್ತರ ಸರಳ. ನೈಲ್ ಪ್ರತಿ ವರ್ಷ ಉಕ್ಕಿ ಬಂದು ಹೊಲ ಮುಳುಗಿಸಿ, ಉಪ್ಪು ತೊಳ್ಕೊಂಡು ಇಳಿದುಹೋಗ್ತಿತ್ತು. 1970ರಲ್ಲಿ ಅಸ್ವಾನ್ ಅಣೆಕಟ್ಟು ಮುಗಿದು ಪ್ರವಾಹ ನಿಂತಿತು. ಈಗ ಅವರೂ ಹೊಲದಡಿ ಪೈಪು ಹೂಳ್ತಿದ್ದಾರೆ.

ಇನ್ನು ನಮ್ಮೂರು. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಬಂತು. ಯೋಜನೆಯಲ್ಲಿ ಹೆಚ್ಚಿನ ಜಮೀನಿಗೆ ಲೆಕ್ಕ ಇದ್ದಿದ್ದು ಕಮ್ಮಿ ನೀರಿನ ಬೆಳೆಗಳಿಗೆ, ಜೋಳ, ಹತ್ತಿ ಅಂಥವಕ್ಕೆ. ನಮ್ಮ ತಾತ ಅವನ್ನೇ ಬೆಳೆದವರು. ಆಮೇಲೆ ಎಲ್ಲಾ ಕಡೆ ಭತ್ತ ಬಂತು, ನಮ್ಮ ಹೊಲಕ್ಕೂ ಬಂತು. ವರ್ಷಕ್ಕೆ ಎರಡು ಬೆಳೆ. ಊರಿನ ಮನೆಗಳಿಗೆ ಆರ್‌ಸಿಸಿ ಬಿತ್ತು, ಬಾಗಿಲಿಗೆ ಟ್ರ್ಯಾಕ್ಟರ್ ಬಂತು. ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ನಾಲ್ಕು ವರ್ಷದ ಇಂಜಿನಿಯರಿಂಗ್ ಫೀಸು, ಹಾಸ್ಟೆಲ್ಲು, ಮೊದಲ ಲ್ಯಾಪ್‌ಟಾಪು ಎಲ್ಲಾ ಬಂದಿದ್ದು ಆ ಎರಡನೇ ಬೆಳೆಯಿಂದ. ಸೆಮಿಸ್ಟರ್ ಫೀಸು ಕಟ್ಟೋ ತಿಂಗಳು ಯಾವುದು ಅಂತ ನೋಡಿ ಅಪ್ಪ ನಾಟಿ ಮಾಡಿಸ್ತಿದ್ರು. ‘ಒಂದು ವರ್ಷ ಪಾಳು ಬಿಡಿ’ ಅಂತ ಆಗ ಯಾರಾದ್ರೂ ಹೇಳಿದ್ರೆ ಮನೆಯಲ್ಲಿ ಮೊದಲು ಅಳ್ತಿದ್ದವನು ನಾನೇ. ಹಾಗಾಗಿ ಗಿರ್ಸುವಿನ ಗುಮಾಸ್ತನನ್ನ ಮೂರ್ಖ ಅನ್ನೋಕೆ ನನಗೆ ಬಾಯಿ ಬರಲ್ಲ.

ಫೋನ್ ಮಾಡಿ ಅಪ್ಪನಿಗೆ ಸುಮೇರಿನ ಕಥೆ ಹೇಳಿದೆ. ಮೊದಲು ಸುಮ್ಮನೆ ಕೇಳಿಸ್ಕೊಂಡ್ರು. ನಿಪ್ಪುರ್ ಊರಿನಲ್ಲಿ ಸಿಕ್ಕ ಒಂದು ಬರಹದ ವಿಷಯ ಬಂದಾಗ ಮಾತ್ರ ನಡುವೆ ಬಾಯಿ ಹಾಕಿದ್ರು. ನೂರಕ್ಕೂ ಸ್ವಲ್ಪ ಹೆಚ್ಚು ಸಾಲಿನ ಬರಹ ಅದು, ಒಬ್ಬ ಮುದುಕ ರೈತ ಮಗನಿಗೆ ಒಕ್ಕಲುತನ ಹೇಳಿಕೊಡೋದು. ಹೊಲಕ್ಕೆ ನೀರು ಬಿಡುವಾಗ ತೂಬುಗಳ ಮೇಲೆ ಕಣ್ಣಿರಲಿ, ನೀರು ಜಾಸ್ತಿ ಏರದಿರಲಿ ಅನ್ನೋದರಿಂದಲೇ ಅದು ಶುರುವಾಗುತ್ತೆ.

"ಅದನ್ನ ಮಗ ಕೇಳಿದ್ನಂತೇನು?" ಅಂದ್ರು.

"ಅದು ಬರದಿಲ್ಲಪ್ಪ."

"ಹಂಗಾರ ಕೇಳಿಲ್ಲ ಬಿಡು." ನಕ್ಕರು. ಆಮೇಲೆ, "ಉಪ್ಪು ಎದ್ದ ಮ್ಯಾಲೆ ಏನ್ ಮಾಡಿದ್ರಂತ?"

"ಗೋಧಿ ಬಿಟ್ಟು ಬಾರ್ಲಿ ಹಾಕಿದ್ರು."

"ಹೂಂ. ನಾವೂ ಹಂಗ. ಆ ಮೂಲ್ಯಾಗ ಮೊದಲು ಜೋಳ ಬರ್ತಿತ್ತು, ಈಗ ಭತ್ತ ಬಿಟ್ರ ಏನೂ ಬರಂಗಿಲ್ಲ. ಭತ್ತಕ್ಕ ನೀರು ನಿಲ್ಲಿಸಿದ್ರ ಉಪ್ಪು ಕೆಳಗ ಕುಂದರ್ತೈತಿ, ಕೊಯ್ದ ಮ್ಯಾಲೆ ಮತ್ತ ಏಳ್ತೈತಿ. ಈಗ ಭತ್ತನೂ ಸುಡಾಕತ್ತೈತಿ. ಆಮ್ಯಾಲೇನು ಮಾಡಿದ್ರು ಅವ್ರು?"

ಆಮೇಲಿನದ್ದು ಹೇಳೋಕೆ ನನಗೆ ಮನಸ್ಸಾಗಲಿಲ್ಲ. ಮಾತು ತಿರುಗಿಸಿ ಪೈಪಿನ ವಿಷಯ ತೆಗೆದೆ. ಸವಳು-ಜವಳು ಜಮೀನಿಗೆ ಇವತ್ತು ಇರೋ ದಾರಿ ಅಂದ್ರೆ, ನೆಲದಡಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿರೋ ಪೈಪು ಹೂಳೋದು. ಉಪ್ಪುನೀರು ಅದರೊಳಗೆ ಬಸಿದು ಹಳ್ಳಕ್ಕೆ ಹೋಗುತ್ತೆ. ಪಕ್ಕದ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಕೆಲಸ ನಡೆಯುತ್ತೆ, ಹೋಗಿ ಕೇಳಬಹುದು. ದುಡ್ಡು ನಾನು ಹಾಕ್ತೀನಿ ಅಂದೆ. ಫೀಸು ವಾಪಸ್ ಕಟ್ಟಿದ ಹಾಗೆ ಅಂತ ಮನಸ್ಸಿನಲ್ಲಿ ಅಂದ್ಕೊಂಡೆ, ಬಾಯಿ ಬಿಟ್ಟು ಹೇಳಲಿಲ್ಲ.

ತೊಂದರೆ ದುಡ್ಡಿನದ್ದಲ್ಲ ಅಂದ್ರು ಅಪ್ಪ. ನಮ್ಮ ಮೂಲೆಗೆ ಬಸಿಯೋ ನೀರು ನಮ್ಮದಲ್ಲ, ಮೇಲಿನ ಹೊಲದ್ದು. ಅಲ್ಲಿ ಕಾಕಾ ಎರಡು ಬೆಳೆ ಭತ್ತ ಬೆಳೀತಾರೆ. ಅವರ ಹೊಲದಲ್ಲಿ ಉಪ್ಪಿಲ್ಲ. ನಮ್ಮ ಪೈಪಿನ ನೀರು ಹಳ್ಳಕ್ಕೆ ಹೋಗಬೇಕಂದ್ರೆ ಕೆಳಗಿನವರ ಬದುವಿನ ಮೇಲೆ ಹೋಗಬೇಕು. ಮೂವರೂ ಒಪ್ಪಬೇಕು. ಕಾಕಾನ ಮಗಳು ಈ ವರ್ಷ ಸಿಇಟಿ ಬರೆದಿದ್ದಾಳೆ.

ಕಾಲುವೆಗೆ ನೀರು ಬಿಡೋದು ಸಾಮಾನ್ಯವಾಗಿ ಜುಲೈಯಲ್ಲಿ. ಅಷ್ಟರೊಳಗೆ ಮಾತು ಆಗಬೇಕು. ಬರೋ ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸಿಗೆ ಬುಕ್ ಮಾಡಿದ್ದೀನಿ. ಉಮ್ಮಾ-ಲಗಾಶಿನ ಕಥೆ ಮಾತ್ರ ಅಲ್ಲಿ ತೆಗೀಬ್ಯಾಡ ಅಂತ ಅಪ್ಪ ಈಗಲೇ ಹೇಳಿದ್ದಾರೆ. "ಮೊದಲು ಚಾ ಕುಡೀರಿ. ಆಮ್ಯಾಲೆ ಹೊಲಕ್ಕ ಕರ್ಕೊಂಡು ಹೋಗಿ ಆ ಬಿಳೀದು ತೋರಸೂಣು. ಕಾಕಾ ಹೊಲದ ಕಡೆ ಬಂದು ಎರಡು ವರ್ಷ ಆತು."